ಶಾಲು ಸಾಕು, ಆದೇಶ ಹೊರಡಿಸಿ

ಐದು ಲಕ್ಷ ರೂಪಾಯಿ ಬೇಡ ಎಂದವರನ್ನು ನಾವು ಹೇಗೆ ಕಂಡೆವು ಎಂಬಲ್ಲಿಂದಲೇ ಶುರು ಮಾಡೋಣ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್‌ನ ಎರಡೂ ಫೈನಲ್‌ಗಳನ್ನು ಭಾರತ ಗೆದ್ದಿತು. ಮಹಿಳೆಯರು ನೇಪಾಳವನ್ನು 78–40ರಿಂದ ಮಣಿಸಿದರೆ ಪುರುಷರು ಅದೇ ನೇಪಾಳವನ್ನು 54–36ರಿಂದ ಸೋಲಿಸಿದರು. ಆ ತಂಡಗಳಲ್ಲಿ ಕರ್ನಾಟಕದವರು ಇಬ್ಬರು: ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್. ಮುಖ್ಯಮಂತ್ರಿ ಸಿದ್ದರಾಮಯ್ಯ ತಲಾ 5 ಲಕ್ಷ ಘೋಷಿಸಿದರು. ಅತ್ತ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ನೌಕರಿ ಎಂದಿತ್ತು. ಚೈತ್ರಾ, ಗೌತಮ್ ಪತ್ರಕರ್ತರ ಮುಂದೆ ಕುಳಿತು, ಈ ಹಣ ನಮಗೆ ಬೇಡ ಎಂದರು.

ಎಷ್ಟು ಜನ ಮೂಗು ಮುರಿದರು! ಹಳ್ಳಿಯಿಂದ ಬಂದವರಿಗೆ ಐದು ಲಕ್ಷ ಸಾಲದೇ, ಆಟ ಆಡುವುದು ದೇಶಕ್ಕೋ ದುಡ್ಡಿಗೋ ಎಂದು ಕೇಳಿದರು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆಯೂ ಹೊರಬಂತು. ಆದರೆ ಆ ಗಾದೆ ಇಲ್ಲಿಗೆ ಹೊಂದುವುದು ಬಹುಮಾನವನ್ನು ದಾನ ಎಂದು ಒಪ್ಪಿಕೊಂಡರೆ ಮಾತ್ರ. ಇಬ್ಬರು ಆಟಗಾರರು ಒಪ್ಪಿಕೊಳ್ಳಲಿಲ್ಲ. ಅವರ ನಿಲುವು ಸರಿ ಎಂದು ನನ್ನ ವಾದ.

ಅದೇ ವಾರ ನಮ್ಮ ಕರಾವಳಿಯಲ್ಲಿ ಏನು ನಡೆದಿತ್ತು ನೋಡಿ. ಜನವರಿ 17ಕ್ಕೆ ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲಿ ಇದೇ ಮುಖ್ಯಮಂತ್ರಿಗಳು ರಾಜ್ಯ ಮಟ್ಟದ ಕರ್ನಾಟಕ ಕ್ರೀಡಾಕೂಟವನ್ನು ಉದ್ಘಾಟಿಸಿದ್ದರು. ಮಂಗಳೂರು ಮತ್ತು ಉಡುಪಿ–ಮಣಿಪಾಲದಲ್ಲಿ ಹಂಚಿಕೊಂಡು ನಡೆದ ಕೂಟ ಅದು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರೆ 6 ಕೋಟಿ, ಬೆಳ್ಳಿಗೆ 4 ಕೋಟಿ, ಕಂಚಿಗೆ 3 ಕೋಟಿ. ಏಷ್ಯನ್ ಕ್ರೀಡಾಕೂಟದ ಚಿನ್ನಕ್ಕೆ 35 ಲಕ್ಷ, ಕಾಮನ್‌ವೆಲ್ತ್ ಚಿನ್ನಕ್ಕೆ 25 ಲಕ್ಷ ಎಂಬ ಲೆಕ್ಕ ವೇದಿಕೆಯಿಂದ ಕೇಳಿಬಂತು. ಚಪ್ಪಾಳೆ ಬಿತ್ತು. ಕೋಟಿಗಳ ಮಾತಾಡುವುದು ಸುಲಭ, ಏಕೆಂದರೆ ಆ ಕೋಟಿಗಳು ಖಜಾನೆ ಬಿಟ್ಟು ಹೊರಡುವ ಸಂದರ್ಭ ಬರುವುದೇ ಕಡಿಮೆ. ರಿಯೊದಲ್ಲಿ ರೋಹನ್ ಬೋಪಣ್ಣ, ಟೋಕಿಯೊದಲ್ಲಿ ಅದಿತಿ ಅಶೋಕ್ ನಾಲ್ಕನೆಯ ಸ್ಥಾನದವರೆಗೆ ಹೋಗಿ ನಿಂತರು. ಎರಡೇ ದಿನ ಕಳೆದು ವಿಶ್ವಕಪ್ ಗೆದ್ದವರು ನಿಜಕ್ಕೂ ಬಾಗಿಲಿಗೆ ಬಂದಾಗ ಕೈಗೆ ಸಿಕ್ಕಿದ್ದು ಐದು ಲಕ್ಷ. ಖೋ ಖೋ ಒಲಿಂಪಿಕ್ಸ್‌ನಲ್ಲಿಲ್ಲ, ಏಷ್ಯನ್ ಕೂಟದ ಪದಕದ ಆಟವೂ ಅಲ್ಲ. ಪಟ್ಟಿಯಲ್ಲಿ ಇಲ್ಲದ ಆಟಕ್ಕೆ ಬಹುಮಾನ ಎಷ್ಟು ಎಂಬುದನ್ನು ಆ ಹೊತ್ತಿನ ಮನಸ್ಸು ತೀರ್ಮಾನಿಸುತ್ತದೆ.

ನಮ್ಮ ಉಡುಪಿ ಜಿಲ್ಲೆಗೆ ಇದು ಬೇರೆಯವರ ಜಗಳವಲ್ಲ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕಿ. ಫೈನಲ್‌ನಲ್ಲಿ ಇರಾನ್ ಸೋತಿತು, ಕಪ್ ಬಂತು. ಅದಕ್ಕೂ ಮೊದಲು 2010ರಲ್ಲಿ ಗುವಾಂಗ್‌ಝೌ, ಆ ಮೇಲೆ 2014ರಲ್ಲಿ ಇಂಚಿಯಾನ್, ಎರಡೂ ಏಷ್ಯನ್ ಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. 2014ರಲ್ಲಿ ಅರ್ಜುನ ಪ್ರಶಸ್ತಿ. ಒಂದು ದೇಶದ ತಂಡವನ್ನು ಮುನ್ನಡೆಸಿ ವಿಶ್ವಕಪ್ ಎತ್ತಿದವರು ಕರ್ನಾಟಕದಲ್ಲಿ ಎಷ್ಟು ಜನರಿದ್ದಾರೆ? ಬೆರಳೆಣಿಕೆ. ಅಂಥವರಿಗೆ ಅನ್ನದ ದಾರಿ ತೋರಿಸಿದ್ದು ಯಾರು? ದಕ್ಷಿಣ ಮಧ್ಯ ರೈಲ್ವೆ, ಅದೂ ಸಿಕಂದರಾಬಾದಿನಲ್ಲಿ. ಕಾರ್ಕಳದ ಗದ್ದೆಯಂಚಿನಲ್ಲಿ ಕಬಡ್ಡಿ ಕಲಿತ ಹೆಣ್ಣುಮಗಳು ಆಟದ ಬಲದಿಂದ ನೌಕರಿ ಹಿಡಿಯಲು ರಾಜ್ಯದ ಗಡಿ ದಾಟಬೇಕಾಯಿತು ಎಂಬುದನ್ನು ನಾವು ಹೆಮ್ಮೆಯ ಕತೆಯಾಗಿ ಹೇಳಿಕೊಂಡು ತಿರುಗುತ್ತೇವೆ. ಸ್ವಲ್ಪ ನಾಚಿಕೆಯೂ ಆಗಬೇಕಿತ್ತು.

ಸನ್ಮಾನ ಮಾಡುವುದರಲ್ಲಿ ಕರಾವಳಿಯವರನ್ನು ಮೀರಿಸುವವರಿಲ್ಲ. ಕಾಪುವಿನಿಂದ ಕಾರ್ಕಳದವರೆಗೆ ಯಾವ ಊರಿನ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಹೋದರೂ ಕ್ರಮ ಒಂದೇ. ಆಟ ಬಿಸಿ ಏರುತ್ತಿದ್ದಂತೆ ಅಂಕಣ ಖಾಲಿ ಮಾಡಿಸಿ ಸಭಾ ಕಾರ್ಯಕ್ರಮ. ವೇದಿಕೆಯ ತುಂಬ ಗಣ್ಯರು, ಸ್ವಾಗತ, ಪ್ರಾಸ್ತಾವಿಕ, ಸಾಧಕರಿಗೆ ಶಾಲು, ಹಾರ, ಪೇಟ, ಫಲಪುಷ್ಪ, ಸ್ಮರಣಿಕೆ. ಅಷ್ಟು ಹೊತ್ತು ಬದಿಯಲ್ಲಿ ನಿಂತ ಆಟಗಾರರ ಮೈ ತಣ್ಣಗಾಗುತ್ತದೆ. ಮರುದಿನ ಪತ್ರಿಕೆಯ ಫೋಟೊದಲ್ಲಿ ಸನ್ಮಾನಿತರನ್ನು ಹುಡುಕಬೇಕು. ಸನ್ಮಾನಿಸಿದವರು ಎದುರಿಗೇ ಇರುತ್ತಾರೆ. ಪೇಟೆಯ ವೃತ್ತದಲ್ಲಿ ಕಟ್ಟುವ ಅಭಿನಂದನೆಯ ಫ್ಲೆಕ್ಸ್‌ನಲ್ಲಿಯೂ ಶುಭ ಕೋರುವವರ ಮುಖ ದೊಡ್ಡದು, ಗೆದ್ದವರ ಮುಖ ಚಿಕ್ಕದು. ಇದರಲ್ಲಿ ಪ್ರೀತಿ ಇಲ್ಲ ಎನ್ನಲಾರೆ. ಊರಿನ ಯುವಕ ಮಂಡಲ ಚಂದಾ ಎತ್ತಿ ಮಾಡುವ ಸನ್ಮಾನಕ್ಕೆ ಅದರದೇ ಮರ್ಯಾದೆ ಇದೆ. ಊರಿನವರು ಮಾಡಬಹುದಾದದ್ದನ್ನು ಮಾಡುತ್ತಾರೆ. ಸರ್ಕಾರವೂ ಅಷ್ಟನ್ನೇ ಮಾಡಿ ಕೈ ತೊಳೆದುಕೊಂಡರೆ ಅದು ಯುವಕ ಮಂಡಲಕ್ಕಿಂತ ಹೇಗೆ ಬೇರೆ?

ಸರ್ಕಾರದ ಮೆಚ್ಚುಗೆ ಸುದ್ದಿಯ ಹಿಂದೆ ಓಡುತ್ತದೆ ಎಂಬುದಕ್ಕೆ ಕಂಬಳವೇ ಸಾಕ್ಷಿ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಉಸೇನ್ ಬೋಲ್ಟ್ ಲೆಕ್ಕ ಹಾಕಿದರು, ಮೊಬೈಲುಗಳಲ್ಲಿ ದೇಶವೆಲ್ಲ ಹರಡಿತು, ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಬೆಂಗಳೂರಿಗೆ ಕರೆಸಿ 3 ಲಕ್ಷದ ಚೆಕ್ ಕೊಟ್ಟರು. ಅದೇ ತಿಂಗಳು ವೇಣೂರಿನಲ್ಲಿ ಕಾರ್ಕಳ ತಾಲ್ಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತ ವೇಗವಾಗಿ ಓಡಿದರು; ನೂರು ಮೀಟರಿಗೆ 9.51 ಎಂದು ಲೆಕ್ಕ ಹಾಕಲಾಯಿತು. ಅಷ್ಟರಲ್ಲಿ ದೇಶ ಬೇರೆ ವಿಷಯಕ್ಕೆ ಹೊರಳಿತ್ತು. ಕೋಣಗಳ ಹಿಂದಿನ ಓಟವನ್ನು ಟ್ರ್ಯಾಕ್ ಓಟಕ್ಕೆ ಹೋಲಿಸುವುದು ತಮಾಷೆಯೇ, ಅದು ಬೇರೆ ಮಾತು.

ಸುದ್ದಿಯ ಹಿಂದಿನ ಸರ್ಕಾರದ ಈ ಓಟ ಕೊನೆಗೆ ಎಲ್ಲಿಗೆ ತಲುಪಿತು ಎಂದು 2025ರ ಜೂನ್ 4ರಂದು ಕಂಡೆವು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಐಪಿಎಲ್ ಗೆದ್ದಿತ್ತು. ದೇಶದ ತಂಡವಲ್ಲ, ರಾಜ್ಯದ ತಂಡವೂ ಅಲ್ಲ, ಕಂಪನಿಯೊಂದರ ತಂಡ. ಒಂದು ಹಗಲು ಕಳೆಯುವುದರೊಳಗೆ ವಿಧಾನಸೌಧದ ಮೆಟ್ಟಿಲ ಮೇಲೆ ಸರ್ಕಾರಿ ಸನ್ಮಾನ ಸಜ್ಜಾಯಿತು. ಮೈಸೂರು ಪೇಟ, ಶಾಲು, ಮಂತ್ರಿಗಳು, ಮಂತ್ರಿಗಳ ಮನೆಯವರು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಆ ಸಾವುಗಳ ಹೊಣೆ ಯಾರದು ಎಂಬ ವಿಚಾರಣೆ, ವಾದ, ಪ್ರತಿವಾದ ಬೇರೆಯೇ ನಡೆದಿದೆ. ನಾನು ಕೇಳುವುದು ಅದಕ್ಕೆ ಮುಂಚಿನ ಪ್ರಶ್ನೆ: ಯಾವ ನಿಯಮದಡಿ ಆ ಸನ್ಮಾನ? ಐದು ತಿಂಗಳ ಹಿಂದೆ ದೇಶದ ಅಂಗಿ ತೊಟ್ಟು ವಿಶ್ವಕಪ್ ಗೆದ್ದ ಇಬ್ಬರ ಸಲುವಾಗಿ ಆ ಮೆಟ್ಟಿಲುಗಳು ಸರ್ಕಾರಕ್ಕೆ ಏಕೆ ನೆನಪಾಗಲಿಲ್ಲ? ಉತ್ತರ ಎಲ್ಲರಿಗೂ ಗೊತ್ತು. ಖೋ ಖೋ ಆಟಗಾರರ ಹಿಂದೆ ಲಕ್ಷ ಜನ ಬರುವುದಿಲ್ಲ.

2025ರ ನವೆಂಬರ್ ಇನ್ನೂ ಸೋಜಿಗ. 23ರಂದು ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಭಾರತಕ್ಕೆ ಬಂತು. ನಾಯಕಿ ದೀಪಿಕಾ ಟಿ.ಸಿ. ಸೇರಿ ಮೂವರು ಕರ್ನಾಟಕದವರು. ಅವರಿಗೆ ತಲಾ 10 ಲಕ್ಷ ಮತ್ತು ಸರ್ಕಾರಿ ಉದ್ಯೋಗ ಎಂದು ಮುಖ್ಯಮಂತ್ರಿ ಹೇಳಿದರು. ಬಹಳ ಒಳ್ಳೆಯ ಕೆಲಸ, ಒಂದು ರೂಪಾಯಿಯೂ ಹೆಚ್ಚಲ್ಲ. ಆದರೆ ಜನವರಿಯ ವಿಶ್ವಕಪ್‌ಗೆ 5, ನವೆಂಬರಿನ ವಿಶ್ವಕಪ್‌ಗೆ 10 ಮತ್ತು ನೌಕರಿ ಎಂದಾದರೆ ಮುಂದಿನದಕ್ಕೆ ಎಷ್ಟು? ಕಾಮನ್‌ವೆಲ್ತ್ ಕಂಚಿಗೆ ಕುಂದಾಪುರದ ಗುರುರಾಜ ಪೂಜಾರಿಗೆ 2022ರಲ್ಲಿ 8 ಲಕ್ಷ ಸಿಕ್ಕಿತ್ತು. ಕಾಮನ್‌ವೆಲ್ತ್ ಕಂಚಿಗಿಂತ ಖೋ ಖೋ ವಿಶ್ವಕಪ್ ಕಿರಿದು ಎಂದು ಯಾವ ಕಡತದಲ್ಲಿ ಬರೆದಿದೆ?

ಮಹಾರಾಷ್ಟ್ರವನ್ನು ಹೊಗಳುವುದು ಕನ್ನಡದ ಲೇಖಕನಿಗೆ ಸುಲಭವಲ್ಲ. ಆದರೂ ಹೇಳಬೇಕು. ಖೋ ಖೋ ಗೆದ್ದವರಿಗೆ 2.25 ಕೋಟಿ ಕೊಟ್ಟ ಆ ರಾಜ್ಯ ಅದೇ ವರ್ಷದ ಕೊನೆಯಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ ಗೆದ್ದ ಸ್ಮೃತಿ ಮಂದಾನ, ಜೆಮಿಮಾ ರೋಡ್ರಿಗಸ್, ರಾಧಾ ಯಾದವ್ ಅವರಿಗೂ ತಲಾ 2.25 ಕೋಟಿ ಕೊಟ್ಟಿತು. ಟಿವಿಯಲ್ಲಿ ಕೋಟಿ ಕೋಟಿ ಜನ ನೋಡಿದ ಆಟಕ್ಕೂ, ನೋಡದ ಆಟಕ್ಕೂ ಒಂದೇ ಅಳತೆ. ನನಗೆ ಬೇಕಾದದ್ದು ಆ ಮೊತ್ತವಲ್ಲ, ಆ ಅಳತೆ. ನಮ್ಮಲ್ಲಿ ಹಣ ಕಡಿಮೆ ಎಂದಾದರೆ ಮೊತ್ತ ಕಡಿಮೆಯೇ ಇರಲಿ. ಮೊದಲೇ ಬರೆದಿಟ್ಟಿರಲಿ.

ಈಗ ಎದುರು ವಾದಕ್ಕೆ ಬರೋಣ, ಅದರಲ್ಲಿ ತೂಕವಿದೆ. ಹೆಸರಿಗೆ ವಿಶ್ವಕಪ್ ಆದದ್ದೆಲ್ಲ ವಿಶ್ವಕಪ್ಪೇ? ನಿನ್ನೆ ಮೊನ್ನೆ ಆಟ ಕಲಿತ ದೇಶಗಳನ್ನು ಕರೆಸಿ, ಒಕ್ಕೂಟವೊಂದು ತಾನೇ ಪಂದ್ಯಾವಳಿ ಏರ್ಪಡಿಸಿ, ತನ್ನ ತಂಡವೇ ಗೆದ್ದರೆ ಜನರ ತೆರಿಗೆ ಹಣದಿಂದ ಕೋಟಿ ಕೊಡಬೇಕೇ? 78–40ರ ಫೈನಲ್ ನೋಡಿದವರಿಗೆ ಈ ಅನುಮಾನ ಬಂದರೆ ತಪ್ಪೆನ್ನಲಾರೆ. ಕಬಡ್ಡಿಗೆ ಮಾತ್ರ ಈ ಅನುಮಾನ ನಿಲ್ಲುವುದಿಲ್ಲ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕೂಟದ ಮಹಿಳಾ ಫೈನಲ್‌ನಲ್ಲಿ ಭಾರತ ಚೈನೀಸ್ ತೈಪೆಯನ್ನು ಸೋಲಿಸಿದ್ದು 26–25ರಿಂದ, ಒಂದೇ ಅಂಕದಿಂದ. 2025ರ ನವೆಂಬರ್ 24ರಂದು ಢಾಕಾದ ವಿಶ್ವಕಪ್ ಫೈನಲ್‌ನಲ್ಲಿ ಎದುರಾಳಿ ಅದೇ ತೈಪೆ, ಫಲಿತಾಂಶ 35–28. ಆ ತಂಡದಲ್ಲಿ ದಕ್ಷಿಣ ಕನ್ನಡದ ಧನಲಕ್ಷ್ಮಿ ಪೂಜಾರಿ ಇದ್ದರು. ಅದೇ ಆಟ, ಅದೇ ಎದುರಾಳಿ. ಏಷ್ಯನ್ ಕೂಟದ ಹೆಸರಿನಲ್ಲಿ ಗೆದ್ದರೆ 35 ಲಕ್ಷದ ಸಾಲು ತಯಾರಿದೆ. ವಿಶ್ವಕಪ್ ಹೆಸರಿನಲ್ಲಿ ಗೆದ್ದರೆ ಮನವಿ ಪತ್ರ ಹಿಡಿದು ಶಾಸಕರ ಮನೆ ಬಾಗಿಲು. ಎಷ್ಟು ದೇಶ ಆಡಿದವು, ಪೈಪೋಟಿ ಎಂಥದು, ಆಟಗಾರರು ಆಯ್ಕೆಯಾದದ್ದು ಹೇಗೆ ಎಂದು ನೋಡಿ ಪಂದ್ಯಾವಳಿಗಳನ್ನು ಮೊದಲೇ ದರ್ಜೆಗೆ ಹಾಕಿದರೆ ಖೋ ಖೋಗೆ ಒಂದು ದರ್ಜೆ, ಕಬಡ್ಡಿಗೆ ಇನ್ನೊಂದು ಬರಬಹುದು. ಬರಲಿ. ಆಟಗಾರರು ಹೊರಡುವ ಮುನ್ನವೇ ತಿಳಿದಿದ್ದರೆ ಯಾರೂ ಕೊಸರುವುದಿಲ್ಲ.

ಎರಡನೆಯ ಆಕ್ಷೇಪ, ಬಹುಮಾನದಿಂದ ಆಟ ಬೆಳೆಯುತ್ತದೆಯೇ ಎಂಬುದು. ಬೆಳೆಯುವುದಿಲ್ಲ. ಫುಟ್‌ಬಾಲನ್ನೇ ನೋಡಿ. 2023ರ ಜೂನ್‌ನಲ್ಲಿ ಭುವನೇಶ್ವರದಲ್ಲಿ ಲೆಬನಾನ್ ವಿರುದ್ಧ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದ ಭಾರತ ತಂಡಕ್ಕೆ ಒಡಿಶಾ ಸರ್ಕಾರ 1 ಕೋಟಿ ಘೋಷಿಸಿತು. ಆಟಗಾರರು ಅದರಲ್ಲಿ 20 ಲಕ್ಷವನ್ನು ಬಾಲಸೋರ್ ರೈಲು ದುರಂತದ ಸಂತ್ರಸ್ತರಿಗೆ ಬಿಟ್ಟುಕೊಟ್ಟರು. ಜುಲೈ 4ರಂದು ನಮ್ಮ ಕಂಠೀರವದಲ್ಲೇ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಸ್ಯಾಫ್ ಕಪ್ ಗೆದ್ದರು. ಆರು ತಿಂಗಳಲ್ಲಿ ಏಷ್ಯನ್ ಕಪ್‌ಗೆ ಹೋದ ಅದೇ ತಂಡ ಮೂರು ಪಂದ್ಯ ಸೋತು ಒಂದೂ ಗೋಲು ಹೊಡೆಯದೆ ಹಿಂದಿರುಗಿತು. ಹಣ ಕೊಟ್ಟರೆ ಗೋಲು ಬೀಳುವುದಿಲ್ಲ, ಒಪ್ಪಿದೆ. ಆದರೆ ಗೌರವಕ್ಕೆ ಒಂದು ಮಟ್ಟ ಇರಬೇಕು. 1989ರಲ್ಲಿ ಪಶ್ಚಿಮ ಜರ್ಮನಿಯ ಮಹಿಳಾ ಫುಟ್‌ಬಾಲ್ ತಂಡ ನಾರ್ವೆಯನ್ನು 4–1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ ಆದಾಗ, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಆಟಗಾರ್ತಿಯರಿಗೆ ಕೊಟ್ಟದ್ದು ಒಂದೊಂದು ಕಾಫಿ ಸೆಟ್! 1970ರವರೆಗೆ ಹೆಂಗಸರು ಫುಟ್‌ಬಾಲ್ ಆಡಬಾರದೆಂದು ತಡೆದಿದ್ದ ಸಂಸ್ಥೆ ಅದು. ಇಂದಿಗೂ ಆ ಕಪ್ಪು ಬಸಿಗಳ ಕತೆ ಜರ್ಮನಿಯಲ್ಲಿ ಮುಜುಗರದ ಕತೆಯೇ. ನಮ್ಮ ಮನೆಗಳ ಶೋಕೇಸಿನಲ್ಲಿ ಸಾಲಾಗಿ ನಿಂತ ಸ್ಮರಣಿಕೆಗಳಿಗೆ ನಾವಿನ್ನೂ ಮುಜುಗರ ಪಡುವುದನ್ನು ಕಲಿತಿಲ್ಲ.

ಬಹುಮಾನದ ನಿಯಮ ನಿಜವಾಗಿ ಮುಟ್ಟುವುದು ಗೆದ್ದವರನ್ನಲ್ಲ, ಹದಿನೈದು ವರ್ಷದ ಹುಡುಗಿಯ ಮನೆಯವರನ್ನು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಕಾರ್ಕಳ, ಕಾಪು ಕಡೆಯ ಮನೆಗಳಲ್ಲಿ ಲೆಕ್ಕ ಶುರುವಾಗುತ್ತದೆ: ಬೆಳಿಗ್ಗೆ ಐದಕ್ಕೆ ಮೈದಾನಕ್ಕೆ ಕಳುಹಿಸಬೇಕೇ, ಟ್ಯೂಷನ್‌ಗೆ ಕಳುಹಿಸಬೇಕೇ? ಮೂಡುಬಿದಿರೆಯ ಆಳ್ವಾಸ್‌ನಂಥ ಖಾಸಗಿ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುವುದರಿಂದ ಕೆಲವರು ಉಳಿಯುತ್ತಾರೆ. ಪದವಿಯ ನಂತರ? ಇಂಥ ಮಟ್ಟ ಮುಟ್ಟಿದರೆ ಇಂಥ ದರ್ಜೆಯ ನೌಕರಿ ಖಚಿತ ಎಂದು ಮುದ್ರಿತ ಕಾಗದವೊಂದಿದ್ದರೆ ತಾಯಿ ತಂದೆ ಅದನ್ನು ಹಿಡಿದು ತೀರ್ಮಾನ ಮಾಡುತ್ತಾರೆ. ಮುಖ್ಯಮಂತ್ರಿಗಳು ಖುಷಿಯಾದರೆ ಏನಾದರೂ ಕೊಟ್ಟಾರು ಎಂಬ ನಂಬಿಕೆಯ ಮೇಲೆ ಯಾರೂ ಮಗಳ ಐದು ವರ್ಷ ಪಣಕ್ಕಿಡುವುದಿಲ್ಲ.

2026ರ ಸೆಪ್ಟೆಂಬರಿನಲ್ಲಿ ಜಪಾನಿನ ಐಚಿ–ನಗೋಯಾದಲ್ಲಿ ಏಷ್ಯನ್ ಕ್ರೀಡಾಕೂಟ, ಅಲ್ಲಿ ಕಬಡ್ಡಿ ಇದೆ. 2030ಕ್ಕೆ ಅಹಮದಾಬಾದಿನಲ್ಲಿ ಕಾಮನ್‌ವೆಲ್ತ್. ನಗೋಯಾಕ್ಕೆ ವಿಮಾನ ಹೊರಡುವ ಮುನ್ನ ಕ್ರೀಡಾ ಇಲಾಖೆ ಒಂದು ಆದೇಶ ಹೊರಡಿಸಲಿ: ಒಲಿಂಪಿಕ್ಸ್ ಪಟ್ಟಿಯಲ್ಲಿಲ್ಲದ ಆಟಗಳ ವಿಶ್ವಕಪ್‌ಗಳೂ ಸೇರಿ ಯಾವ ದರ್ಜೆಗೆ ಎಷ್ಟು, ಯಾವ ನೌಕರಿ, ಎಷ್ಟು ದಿನದೊಳಗೆ ಎಂದು. ಅದನ್ನು ಹಿಂದಿನಿಂದ ಜಾರಿಗೆ ಬರುವಂತೆ ಮಾಡಿ ಚೈತ್ರಾ, ಗೌತಮ್, ಧನಲಕ್ಷ್ಮಿಯವರಿಗೂ ಅನ್ವಯಿಸಲಿ. 2012ರವರೆಗೆ ಹಿಂದೆ ಹೋಗುವ ಧೈರ್ಯವಿದ್ದರೆ ಹೆರ್ಮುಂಡೆಗೂ ಒಂದು ಲಕೋಟೆ ಹೋಗಲಿ. ಆ ಮೇಲೆ ಬೇಕಿದ್ದರೆ ಸಭಾ ಕಾರ್ಯಕ್ರಮ ಇಟ್ಟುಕೊಳ್ಳಿ. ಪಂದ್ಯ ಮುಗಿದ ನಂತರ.