ಮಗುವಿನ ಮುಖವೂ ಮಲೆನಾಡಿನ ಬೆಳಕೂ

ನಮ್ಮ ಮಕ್ಕಳ ಛಾಯಾಚಿತ್ರಗಳು ಇಂದು ಲೆಕ್ಕಕ್ಕೆ ಸಿಗದಷ್ಟು ಇವೆ. ಆದರೆ ಆ ಚಿತ್ರಗಳಲ್ಲಿ ನಮ್ಮ ಮಕ್ಕಳು ಸಿಗುವುದು ಅಪರೂಪವಾಗುತ್ತಿದೆ. ಈ ಮಾತು ಒಗಟಿನಂತೆ ತೋರಬಹುದು. ಮನೆಮನೆಯ ಮೊಬೈಲ್ ಫೋನುಗಳಲ್ಲಿರುವ ಚಿತ್ರಗಳನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಒಗಟು ತಾನೇ ಬಿಡುವುದು. ಅಪ್ಪಣೆಗೆ ಅಂಜಿ ತೋರಿಸಿದ ಹಲ್ಲುಗಳು, ಬಿಸಿಲಿಗೆ ಕಿರಿದಾದ ಕಣ್ಣುಗಳು, ಹಿಟ್ಟಿನಲ್ಲಿ ಅದ್ದಿ ತೆಗೆದಂತಹ ಕೆನ್ನೆಗಳು! ಇದು ನಮ್ಮ ಅಂಗಳದಲ್ಲಿ ಆಡುವ ಮಗುವಲ್ಲ. ಈ ದೋಷಕ್ಕೆ ಮಗು ಕಾರಣವಲ್ಲ. ಯಂತ್ರವೊಂದೇ ಕಾರಣವೂ ಅಲ್ಲ. ಬೆಳಕಿನ ನಡವಳಿಕೆಯನ್ನು ಕುರಿತ ಅಲಕ್ಷ್ಯವೇ ಇದರ ಮೂಲವೆಂಬುದೂ, ಆ ಅಲಕ್ಷ್ಯವನ್ನು ನೀಗಿಕೊಂಡರೆ ಹೆಚ್ಚಿನ ವೆಚ್ಚವಿಲ್ಲದೆಯೇ ಸಹಜವಾದ ಚಿತ್ರಗಳನ್ನು ಪಡೆಯಬಹುದೆಂಬುದೂ ನನ್ನ ಅಭಿಪ್ರಾಯ.

ಉದಾಹರಣೆಗಾಗಿ ಶೃಂಗೇರಿ ತಾಲ್ಲೂಕಿನ ಬೇಗಾರ್ ಸೀಮೆಯನ್ನು ತೆಗೆದುಕೊಳ್ಳೋಣ. ಅಡಕೆ ತೋಟ, ಗದ್ದೆ, ಗುಡ್ಡ, ಕಾಡು, ಇವೆಲ್ಲ ಒತ್ತೊತ್ತಾಗಿರುವ ಪ್ರದೇಶವಿದು. ಇದರ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಬೇಗಾರ್ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಹದಿಮೂರೂವರೆ ಡಿಗ್ರಿ ದೂರದಲ್ಲಿದೆ. ಆದಕಾರಣ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿಯೂ ಆಗಸ್ಟ್ ತಿಂಗಳ ನಡುವಣ ದಿನಗಳಲ್ಲಿಯೂ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ನಡುಹಗಲು ಗಡಿಯಾರದ ಹನ್ನೆರಡು ಗಂಟೆಗಲ್ಲ. ನಮ್ಮ ದೇಶದ ವೇಳೆಯನ್ನು ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಗೆ ಹೊಂದಿಸಿರುವುದರಿಂದ ಪಶ್ಚಿಮಕ್ಕಿರುವ ಈ ಊರಿನಲ್ಲಿ ಅದು ಸುಮಾರು ಹನ್ನೆರಡೂವರೆಗೆ ಆಗುತ್ತದೆ. ಇಂತಹ ಹೊತ್ತಿನಲ್ಲಿ ಬಯಲಲ್ಲಿ ನಿಂತ ಮಗುವಿನ ಹಣೆ, ಮೂಗುಗಳು ಬೆಳಗುತ್ತವೆ. ಹುಬ್ಬಿನ ನೆರಳು ಕಣ್ಣಿನ ಕುಳಿಗಳನ್ನು ತುಂಬುತ್ತದೆ. ಮುಖದ ಜೀವವೆಲ್ಲ ಇರುವುದು ಕಣ್ಣಿನಲ್ಲಿ. ಅದೇ ಕತ್ತಲೆಯ ಪಾಲಾಗುತ್ತದೆ.

ಹಾಗಾದರೆ ತೋಟದ ನೆರಳಿಗೆ ಹೋದರಾಯಿತೆಂದು ಹಲವರು ಭಾವಿಸುತ್ತಾರೆ. ಅಡಕೆ ಮರಗಳ ಸಾಲು ಚಿತ್ರಕ್ಕೆ ಸೊಗಸಾದ ಹಿನ್ನೆಲೆ ಎಂಬುದೇನೋ ನಿಜ. ಆದರೆ ತೋಟದ ನೆಲದ ಮೇಲೆ ಬಿದ್ದಿರುವ ಬಿಸಿಲಿನ ಗುಂಡು ಮಚ್ಚೆಗಳನ್ನು ಗಮನಿಸಿ. ಸೋಗೆಗಳ ನಡುವಿನ ಸಂದುಗಳು ಯಾವ ಆಕಾರದಲ್ಲಿದ್ದರೂ ಮಚ್ಚೆಗಳು ಮಾತ್ರ ದುಂಡಗಿರುವುವು. ಇದಕ್ಕೆ ಕಾರಣವುಂಟು. ಪ್ರತಿಯೊಂದು ಸಣ್ಣ ಸಂದೂ ಸೂಜಿರಂಧ್ರ ಕ್ಯಾಮೆರಾದಂತೆ ಕೆಲಸ ಮಾಡಿ ನೆಲದ ಮೇಲೆ ಸೂರ್ಯಬಿಂಬವನ್ನು ಮೂಡಿಸುತ್ತದೆ. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣವಾಗಿಯೂ ಮಲೆನಾಡಿನಲ್ಲಿ ಭಾಗಶಃವಾಗಿಯೂ ಕಂಡ ಸೂರ್ಯಗ್ರಹಣದಂಥ ಹೊತ್ತಿನಲ್ಲಿ ಈ ಮಚ್ಚೆಗಳೂ ಕುಡುಗೋಲಿನ ಆಕಾರ ತಾಳುತ್ತವೆ. ಸೂರ್ಯನ ಕೋನವ್ಯಾಸ ಸುಮಾರು ಅರ್ಧ ಡಿಗ್ರಿ. ಆದ್ದರಿಂದ ಸಂದು 12 ಮೀಟರ್ ಮೇಲಿದ್ದರೆ ಬಿಂಬದ ವ್ಯಾಸ ಸುಮಾರು 11 ಸೆಂಟಿಮೀಟರ್ ಆಗುವುದು. ಮಗುವಿನ ಮುಖದ ಮುಕ್ಕಾಲು ಭಾಗವನ್ನು ಮುಚ್ಚಲು ಇಂತಹ ಒಂದು ಬಿಂಬ ಸಾಕು! ಬಿಸಿಲು ಬಿದ್ದ ಭಾಗವು ನೆರಳಿನ ಭಾಗಕ್ಕಿಂತ ಹಲವು ಪಾಲು ಹೆಚ್ಚು ಬೆಳಗುವುದರಿಂದ ಒಂದು ಕೆನ್ನೆ ಸುಣ್ಣ, ಇನ್ನೊಂದು ಮಸಿ.

ಇನ್ನೊಂದು ತೊಡಕೂ ಇದೆ. ಎಲೆಯಲ್ಲಿರುವ ಪತ್ರಹರಿತ್ತು ಕೆಂಪು, ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರಿಕೊಂಡು ಹಸುರನ್ನು ಬಿಟ್ಟುಕೊಡುತ್ತದೆ. ದಟ್ಟವಾದ ತೋಟದೊಳಗಿನ ಬೆಳಕು ಹೀಗೆ ಸೋಸಿ ಬಂದ ಹಸುರು ಬೆಳಕು. ನಮ್ಮ ಕಣ್ಣೂ ಮಿದುಳೂ ಅದಕ್ಕೆ ಹೊಂದಿಕೊಂಡು ಮಗುವಿನ ಬಣ್ಣವನ್ನು ಸರಿಯಾಗಿಯೇ ಕಾಣುತ್ತವೆ, ಕ್ಯಾಮೆರಾ ಹಾಗಲ್ಲ. ಬಣ್ಣಗಳನ್ನು ಕೆಂಪು, ಹಸುರು, ನೀಲಿ ಎಂಬ ಮೂರು ಪಾಲಾಗಿ ಬೇರ್ಪಡಿಸಿ ಮರಳಿ ಕೂಡಿಸಬಹುದೆಂದು 1861ರಲ್ಲಿ ಮ್ಯಾಕ್ಸ್‌ವೆಲ್ ತೋರಿಸಿಕೊಟ್ಟನಷ್ಟೆ. ಇಂದಿನ ಯಂತ್ರಗಳು ಅನುಸರಿಸುವುದೂ ಆ ತತ್ತ್ವವನ್ನೇ. ಮೂರು ಪಾಲುಗಳ ಪ್ರಮಾಣವನ್ನು ಯಂತ್ರ ಊಹಿಸಿ ಸರಿಪಡಿಸುತ್ತದೆ. ಆದರೆ ಮೇಲಿನಿಂದ ಹಸುರು ಬೆಳಕು, ತೋಟದ ಅಂಚಿನಿಂದ ಬಿಳಿಯ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಯಾವ ಊಹೆಯೂ ಎರಡಕ್ಕೂ ಸಲ್ಲದು. ಮಗು ಕಾಮಾಲೆ ಹಿಡಿದಂತೆ ಕಾಣುವುದು ಇದರಿಂದಲೇ.

ಹಾಗಿದ್ದರೆ ಒಳ್ಳೆಯ ಬೆಳಕು ಎಲ್ಲಿದೆ? ಅದು ನಮ್ಮ ಮನೆಯ ಮುಂದೆಯೇ ಇದೆ. ಮಲೆನಾಡಿನ ಮನೆಯ ಜಗಲಿಯ ಅಂಚಿಗೆ ಸಮನಾದ ಚಿತ್ರಶಾಲೆ ಬೇರೊಂದಿಲ್ಲವೆಂದು ನಾನು ದೃಢವಾಗಿ ಹೇಳುತ್ತೇನೆ. ಸೂರು ನೆತ್ತಿಯ ಬಿಸಿಲನ್ನು ತಡೆಯುತ್ತದೆ. ಎದುರಿನ ಅಂಗಳದ ಮೇಲಿನ ತೆರೆದ ಆಕಾಶವು ಮುಂದಿನಿಂದ ಮೃದುವಾದ ಬೆಳಕನ್ನು ಕಳುಹಿಸುತ್ತದೆ. ಅಂಗಳದ ನೆಲದಿಂದ ಹಿಂದಿರುಗಿದ ಬೆಳಕು ಗಲ್ಲದ ಕೆಳಗಿನ ನೆರಳನ್ನು ತಿಳಿಯಾಗಿಸುತ್ತದೆ. ಹಿಂಬದಿಯಲ್ಲಿ ಮನೆಯೊಳಗಿನ ಮಬ್ಬು ಇರುವುದರಿಂದ ಮುಖ ಎದ್ದು ಕಾಣುತ್ತದೆ. ಕಣ್ಣಾಲಿಯಲ್ಲಿ ಆಕಾಶದ ಪ್ರತಿಬಿಂಬವು ಸಣ್ಣ ಕಿಡಿಯಾಗಿ ಹೊಳೆಯುತ್ತದೆ. ಮಗು ಸೂರಿನಿಂದ ಒಂದು ಮೊಳ ಒಳಗಿರಲಿ. ಇನ್ನೂ ಒಳಗೆ ಸರಿದಷ್ಟೂ ಅದಕ್ಕೆ ಕಾಣುವ ಆಕಾಶದ ಪಾಲು ಕಿರಿದಾಗಿ ಬೆಳಕು ಬೇಗನೆ ಕುಗ್ಗುವುದು. ಚಳಿಗಾಲದ ಬೆಳಗಿನ ಮಂಜೂ ಇದೇ ಬಗೆಯ ಉಪಕಾರ ಮಾಡುತ್ತದೆ. ಅದರ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚದರಿಸುವುದರಿಂದ, ಬಿಸಿಲು ಬಿಳಿಯ ಬಟ್ಟೆಯಲ್ಲಿ ಸೋಸಿದಂತಾಗಿ ಗದ್ದೆಯ ಬಯಲೆಲ್ಲ ಜಗಲಿಯೇ ಆಗಿಬಿಡುತ್ತದೆ.

ಮಳೆಗಾಲದ ಮಾತು ಬೇರೆ. ನೇರ ಬಿಸಿಲಿನಲ್ಲಿ ಪ್ರಕಾಶ ಸ್ಥೂಲವಾಗಿ ಒಂದು ಲಕ್ಷ ಲಕ್ಸ್. ಸಾಮಾನ್ಯ ಮೋಡವಿದ್ದಾಗ ಹತ್ತು ಸಾವಿರ. ಆಷಾಢದ ಕಾರ್ಮೋಡದಡಿ ಒಂದೆರಡು ಸಾವಿರಕ್ಕೂ ಇಳಿಯಬಹುದು. ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುತ್ತದೆ. ಮಳೆಯ ಹನಿಗಳಂತೆ ಅವೂ ಅನಿಯತವಾಗಿ ಬೀಳುವುದರಿಂದ ಎಣಿಕೆಯಲ್ಲಿ ಏರುಪೇರು ತಪ್ಪದು. ಎಣಿಕೆಯ ವರ್ಗಮೂಲದಷ್ಟು ಏರುಪೇರು ಸಹಜವೆಂಬುದು ನಿಯಮ. ಚಿತ್ರದ ಒಂದು ಬಿಂದುವಿಗೆ 10,000 ಫೋಟಾನುಗಳು ಸಿಕ್ಕರೆ ಏರುಪೇರು 100, ಎಂದರೆ ಶೇಕಡಾ ಒಂದು. ಬರಿಯ 100 ಸಿಕ್ಕರೆ ಏರುಪೇರು 10, ಎಂದರೆ ಶೇಕಡಾ ಹತ್ತು. ಮೊಬೈಲಿನ ಗ್ರಾಹಕ ಫಲಕ ಬೆರಳ ಉಗುರಿನಷ್ಟು ಚಿಕ್ಕದು. ಅದಕ್ಕೆ ಸಿಗುವ ಫೋಟಾನುಗಳೂ ಕಡಮೆ. ಆಗ ಚಿತ್ರದಲ್ಲಿ ಕಾಣುವ ಮರಳಿನಂತಹ ಒರಟುತನವನ್ನು ಮರೆಮಾಡಲು ಯಂತ್ರವು ಅಕ್ಕಪಕ್ಕದ ಬಿಂದುಗಳನ್ನು ಕಲಸಿ ನುಣುಪುಗೊಳಿಸುತ್ತದೆ. ಒರಟುತನದ ಜತೆಗೆ ಕೆನ್ನೆಯ ನವಿರು, ಹಣೆಯ ಬೆವರು, ಹುಬ್ಬಿನ ಕೂದಲು ಇವೂ ಅಳಿಸಿಹೋಗುತ್ತವೆ.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಯಂತ್ರದ ಬಡತನವೆಂದು ಕ್ಷಮಿಸಬಹುದಿತ್ತು. ಆದರೆ ಹಲವು ಫೋನುಗಳಲ್ಲಿ ‘ಸೌಂದರ್ಯ’ ಎಂಬ ಹೆಸರಿನ ಮತ್ತೊಂದು ಏರ್ಪಾಡಿದೆ. ಅದು ಚರ್ಮವನ್ನು ನುಣುಪಾಗಿಸಿ, ಬಣ್ಣವನ್ನು ತೆಳ್ಳಗಾಗಿಸಿ, ಕಣ್ಣನ್ನು ಹಿಗ್ಗಿಸುತ್ತದೆ. ಮದುವೆಮನೆಯ ಅಂಗಳದಲ್ಲಿ ಬಂಧುಗಳೊಬ್ಬರು ಹೀಗೆ ತೆಗೆದ ಚಿತ್ರವನ್ನು ನನ್ನ ಆರು ವರ್ಷದ ಮಗಳು ಬಹಳ ಹೊತ್ತು ನೋಡಿದಳು. ದಣಪೆ ದಾಟುವಾಗ ಬಿದ್ದು ಗಲ್ಲದ ಮೇಲಾಗಿದ್ದ ಗಾಯದ ಕಲೆ ಅದರಲ್ಲಿರಲಿಲ್ಲ. “ಅಪ್ಪಯ್ಯಾ, ನಾನು ಇಷ್ಟು ಬೆಳ್ಳಗಿದ್ದರೆ ಮಾತ್ರ ಚೆಂದವಾ?” ಎಂದು ಕೇಳಿದಳು. ಈ ಪ್ರಶ್ನೆಗೆ ಭೌತವಿಜ್ಞಾನದಲ್ಲಿ ಉತ್ತರವಿಲ್ಲ. ಆದರೆ ಇದು ಏಳದಂತೆ ನೋಡಿಕೊಳ್ಳುವುದು ತಂದೆತಾಯಿಗಳ ಕೈಯಲ್ಲಿದೆ.

ಈ ಪಕ್ಷಪಾತ ಹೊಸದಲ್ಲ. ಬಣ್ಣದ ಫಿಲಂ ಬಳಕೆಗೆ ಬಂದ ಕಾಲದಲ್ಲಿ ಮುದ್ರಣದ ಬಣ್ಣವನ್ನು ಹೊಂದಿಸಲು ಕೊಡಕ್ ಸಂಸ್ಥೆಯು ಪ್ರಯೋಗಾಲಯಗಳಿಗೆ ಒದಗಿಸುತ್ತಿದ್ದ ಮಾದರಿ ಚಿತ್ರದಲ್ಲಿದ್ದವಳು ಬಿಳಿಯ ಮೈಬಣ್ಣದ ಹೆಂಗಸು. ‘ಶರ್ಲಿ ಕಾರ್ಡ್’ ಎಂದೇ ಅದಕ್ಕೆ ಹೆಸರಾಯಿತು. ಆ ಹೆಂಗಸಿನ ಬಣ್ಣ ಸರಿಯಾಗಿ ಬಂದರೆ ಎಲ್ಲರ ಬಣ್ಣವೂ ಸರಿಯೆಂಬುದು ಅಂದಿನ ಎಣಿಕೆ. ಕಪ್ಪು, ಕಂದು ಮೈಬಣ್ಣದವರು ಚಿತ್ರದಲ್ಲಿ ಕಳೆದುಹೋಗುತ್ತಿದ್ದರು. ಕಂದು ಛಾಯೆಗಳನ್ನು ಫಿಲಂ ಚೆನ್ನಾಗಿ ತೋರಿಸಬೇಕೆಂಬ ಒತ್ತಾಯವು ಚಾಕಲೇಟು, ಮರದ ಪೀಠೋಪಕರಣ ಇವುಗಳ ವ್ಯಾಪಾರಿಗಳಿಂದಲೂ ಬಂದಿತೆಂಬುದು ವಿಚಿತ್ರವಾದರೂ ನಿಜ. ಗೂಗಲ್ ಸಂಸ್ಥೆಯು ತನ್ನ ಫೋನಿನಲ್ಲಿ ಎಲ್ಲ ಮೈಬಣ್ಣಗಳನ್ನೂ ನ್ಯಾಯವಾಗಿ ತೋರಿಸುವ ಏರ್ಪಾಡನ್ನು ಸಾರಿದ್ದು 2021ರಲ್ಲಿ. ತಯಾರಕರೇ ಇಷ್ಟು ದೂರ ಬಂದಿರುವಾಗ ನಾವು ನಮ್ಮ ಕೈಯಿಂದಲೇ ಮಕ್ಕಳ ಬಣ್ಣವನ್ನು ಅಳಿಸುವುದು ಯಾವ ನ್ಯಾಯ? ಆ ‘ಸೌಂದರ್ಯ’ದ ಗುಂಡಿಯನ್ನು ಆರಿಸಿಬಿಡುವುದೇ ಮೇಲು.

ಇನ್ನು ದೂರದ ವಿಷಯ. ಮೊಬೈಲನ್ನು ಮಗುವಿನ ಮುಖದ ಹತ್ತಿರ ಹಿಡಿಯುವುದು ವಾಡಿಕೆ. ಮೂಗಿನ ತುದಿಗೂ ಕಿವಿಗೂ ಸುಮಾರು 10 ಸೆಂಟಿಮೀಟರ್ ಅಂತರವೆಂದಿಟ್ಟುಕೊಳ್ಳೋಣ. ಕ್ಯಾಮೆರಾ ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿದ್ದರೆ ಕಿವಿಯು 40 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೂಗು ಕಿವಿಗಿಂತ ಮೂರರಲ್ಲೊಂದು ಪಾಲು ದೊಡ್ಡದಾಗಿ ಮೂಡುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ ಈ ವ್ಯತ್ಯಾಸ ಶೇಕಡಾ ಏಳಕ್ಕೆ ಇಳಿಯುತ್ತದೆ. ನಾವು ಮಗುವನ್ನು ಸಾಮಾನ್ಯವಾಗಿ ನೋಡುವ ದೂರವೂ ಅದೇ. ಆದ್ದರಿಂದ ಹಿಂದೆ ಸರಿಯಬೇಕು, ನೆಲಕ್ಕೆ ಕೂರಬೇಕು, ಮಗುವಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಯಬೇಕು. ಓಡುವ ಮಗುವಿನ ವೇಗ ಸೆಕೆಂಡಿಗೆ ಎರಡು ಮೀಟರ್ ಎಂದರೆ ಸೆಕೆಂಡಿನ ಅರುವತ್ತನೆಯ ಒಂದು ಪಾಲಿನಲ್ಲಿ ಅದು ಮೂರು ಸೆಂಟಿಮೀಟರಿಗೂ ಹೆಚ್ಚು ಚಲಿಸಿರುತ್ತದೆ. ಐನೂರನೆಯ ಒಂದು ಪಾಲಿನಲ್ಲಿ ನಾಲ್ಕೇ ಮಿಲಿಮೀಟರ್. ಓಟದ ಚಿತ್ರ ಬೇಕಾದರೆ ಬೆಳಕು ಹೆಚ್ಚಿರುವ ಹೊತ್ತನ್ನೂ, ಮಳೆಗಾಲದಲ್ಲಾದರೆ ಕುಳಿತು ಆಡುವ ಆಟವನ್ನೂ ಆರಿಸಿಕೊಳ್ಳಬೇಕು.

ಇಷ್ಟಾದರೂ ‘ಸಹಜತೆ’ ಬರುವುದು ಮಗು ನಮ್ಮನ್ನು ಮರೆತಾಗ. ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರನ್ನು (1938–2007) ನೆನೆಯಿರಿ. ಹಕ್ಕಿಗೆ ‘ಇತ್ತ ನೋಡು, ನಗು’ ಎನ್ನುವವರುಂಟೇ? ಹಕ್ಕಿ ತನ್ನ ಕೆಲಸಕ್ಕೆ ಹಿಂದಿರುಗುವವರೆಗೆ ಕಾಯುವುದೊಂದೇ ದಾರಿ. ಹಕ್ಕಿಗೆ ಕೊಡುವ ಈ ಮರ್ಯಾದೆ ನಮ್ಮ ಮಗುವಿಗೂ ಸಲ್ಲಬೇಕು. 1839ರಲ್ಲಿ ಡಾಗೆರ್‌ನ ವಿಧಾನ ಪ್ರಕಟವಾದ ಹೊಸತರಲ್ಲಿ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಾಗಿತ್ತು. ತಲೆ ಆಡದಂತೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡುತ್ತಿದ್ದರು. ಮರದಂತೆ ನಿಲ್ಲುವುದು ಅಂದಿನ ರಸಾಯನದ ಅಗತ್ಯ. ಆ ಕಬ್ಬಿಣವೇನೋ ಹೋಯಿತು. ನಮ್ಮ ಬಾಯ ಅಪ್ಪಣೆ ಮಾತ್ರ ಉಳಿದಿದೆ. ಮಗು ಅಡಕೆ ಹಾಳೆಯ ಮೇಲೆ ಕುಳಿತು ಎಳೆಸಿಕೊಳ್ಳಲಿ, ಅಜ್ಜಿಯ ಜತೆ ಹೂ ಕಟ್ಟಲಿ, ಕರುವಿನ ಕೊರಳು ತುರಿಸಲಿ. ಒಳ್ಳೆಯ ಬೆಳಕಿರುವ ಜಾಗದಲ್ಲಿ ಆಟಕ್ಕೆ ಅವಕಾಶ ಮಾಡಿಕೊಟ್ಟು ಸುಮ್ಮನಿರುವುದಷ್ಟೇ ನಮ್ಮ ಪಾಲಿನ ಕೆಲಸ.

‘ಹಬ್ಬಕ್ಕೆ ಮಗುವನ್ನು ಸಿಂಗರಿಸುವುದಿಲ್ಲವೆ? ಚಿತ್ರವನ್ನು ಸಿಂಗರಿಸಿದರೆ ತಪ್ಪೇನು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದದ್ದೇ. ಜಡೆಗೆ ಮುಡಿಸಿದ ಹೂವು ಮಗುವಿಗೆ ತಿಳಿದೇ ಬಂದ ಅಲಂಕಾರ. ಅದರ ಕೆಳಗೆ ಮುಖ ಹಾಗೆಯೇ ಇರುತ್ತದೆ. ಯಂತ್ರದ ಅಲಂಕಾರವಾದರೋ ಮುಖವನ್ನೇ ಬದಲಿಸುತ್ತದೆ, ಬದಲಿಸಿದೆನೆಂದು ಹೇಳುವುದೂ ಇಲ್ಲ. ‘ಎಲ್ಲವನ್ನೂ ಫೋನೇ ಮಾಡುವಾಗ ಈ ವಿಜ್ಞಾನವೆಲ್ಲ ಏಕೆ?’ ಎನ್ನುವವರಿಗೂ ನನ್ನ ಉತ್ತರ ಇಷ್ಟೇ: ಫೋನು ಬೆಳಕನ್ನು ಅಳೆಯಬಲ್ಲದು, ಆರಿಸಲಾರದು. ಕತ್ತಲೆಯ ತೋಟದ ಮುಂದೆ ನಿಂತ ಮುಖವನ್ನು ಅದು ಅತಿಯಾಗಿ ಬೆಳಗಿಸುತ್ತದೆ, ಹೊಳೆಯುವ ಆಕಾಶದ ಮುಂದೆ ನಿಂತ ಮುಖವನ್ನು ಕಪ್ಪಾಗಿಸುತ್ತದೆ; ಇಡೀ ನೋಟದ ಸರಾಸರಿಯ ಮೇಲೆ ಅದರ ಲೆಕ್ಕ. ಗಾಜಿನ ಮೇಲೆ ಮಗುವಿನ ಮುಖವಿರುವೆಡೆ ಬೆರಳಿಟ್ಟು, ಮುಖ್ಯವಾದುದು ಇದು ಎಂದು ತೋರಿಸಬೇಕಾದವರು ನಾವೇ.

ಈ ಮಕ್ಕಳು ಬೆಳೆದು ಊರು ಬಿಟ್ಟು ಬೆಂಗಳೂರನ್ನೋ ಅದರಾಚೆಯನ್ನೋ ಸೇರುವರು. ಆಗ ಮನೆಯಲ್ಲಿ ಉಳಿಯುವುದು ಈ ಚಿತ್ರಗಳು. ಅವುಗಳಲ್ಲಿ ಗಾಯದ ಕಲೆಯೂ, ಬಿಸಿಲಿನ ಬಣ್ಣವೂ, ಬಿದ್ದುಹೋದ ಹಾಲುಹಲ್ಲಿನ ಸಂದೂ ಇರಬೇಕಾದದ್ದು ಅವಶ್ಯ. ವಾಚಕರು ಬರುವ ಭಾನುವಾರವೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಒಂದೇ ಮಗುವಿನ ಮೂರು ಚಿತ್ರಗಳನ್ನು ತೆಗೆಯಿರಿ: ಮಧ್ಯಾಹ್ನದ ಬಯಲಿನಲ್ಲಿ ಒಂದು, ತೋಟದೊಳಗೆ ಒಂದು, ಜಗಲಿಯ ಅಂಚಿನಲ್ಲಿ ಆಡುತ್ತಿರುವಾಗ ಒಂದು. ಆಮೇಲೆ ಮೂರನ್ನೂ ಮಗುವಿನ ಪಕ್ಕದಲ್ಲಿಟ್ಟು ಹೋಲಿಸಿರಿ. ಯಾವುದು ನಿಮ್ಮ ಮಗುವೆಂಬುದನ್ನು ಹೇಳಲು ಯಾವ ಪಂಡಿತನೂ ಬೇಕಾಗುವುದಿಲ್ಲ.