ಹಲಸಿನ ಮರವೂ ಬಾವಿಕಟ್ಟೆಯ ಸಸ್ಯವೂ

ನಮ್ಮ ಹಿತ್ತಿಲಿನ ಮುದಿ ಹಲಸಿನ ಮರವು ಮುಂದಿನ ಮಳೆಗಾಲವನ್ನು ಕಾಣುವಂತೆ ತೋರುವುದಿಲ್ಲ. ಬುಡವು ಟೊಳ್ಳಾಗಿದೆ. ಅದರ ಬಕ್ಕೆಹಣ್ಣಿನ ಗಟ್ಟಿಯಾದ, ಜೇನಿನಂತಹ ತೊಳೆಗಳನ್ನು ಮೂರು ತಲೆಮಾರಿನವರು ತಿಂದಿರುವೆವು. “ಚಿಂತೆಯೇಕೆ, ಬೀಜ ಹಾಕಿದರಾಯಿತು” ಎಂದು ನೆರೆಯವರು ಸಮಾಧಾನ ಹೇಳಿದರು. ಬೀಜವನ್ನು ಹಿಂದೆಯೇ ಹಾಕಿದ್ದೆವು. ಹತ್ತು ವರುಷ ನೀರೆರೆದ ಮೇಲೆ ಆ ಗಿಡವು ಕೊಟ್ಟುದು, ಬಾಯಲ್ಲಿ ಲೋಳೆಯಾಗಿ ಜಾರುವ ಸಪ್ಪೆಹಣ್ಣು!

ಇದಕ್ಕೆ ಕಾರಣವುಂಟು. ಹಲಸಿನಲ್ಲಿ ಗಂಡುಹೂಗಳ ಗೊಂಚಲು ಬೇರೆ, ಹೆಣ್ಣುಹೂಗಳ ಗೊಂಚಲು ಬೇರೆ. ಎರಡೂ ಒಂದೇ ಮರದಲ್ಲಿದ್ದರೂ ನೆರೆಯ ಮರದ ಪರಾಗವೂ ಬಂದು ಸೇರುವುದು. ನಾವು ಒಂದು ಹಣ್ಣೆನ್ನುವುದಾದರೂ ಅನೇಕ ಹೆಣ್ಣುಹೂಗಳ ಕೂಟವೇ. ಒಂದೊಂದು ತೊಳೆಯೂ ಒಂದೊಂದು ಹೂವಿನ ಫಲ. ಆದುದರಿಂದ ಒಂದೇ ಹಣ್ಣಿನ ಬೀಜಗಳೂ ಒಡಹುಟ್ಟಿದವರಂತೆ ಬೇರೆ ಬೇರೆ ಗುಣದವಾಗಿರುವುವು.

ಇನ್ನು ವಾಚಕರು ಬಾವಿಕಟ್ಟೆಯ ಕಡೆಗೆ ಬರಬೇಕು. ಅಲ್ಲಿ ನೆರಳಿನ ಹಸಿಕಲ್ಲಿನ ಮೇಲೆ, ಹಾವಸೆಯ ನಡುವೆ, ಕವಲೊಡೆದ ಹಸುರು ನಾಲಗೆಯಂತಹ ಸಸ್ಯವೊಂದು ಅಂಟಿಕೊಂಡಿರುವುದು. ಅದರ ಹೆಸರು ಮಾರ್ಕಾಂಶಿಯ; 1713ರಲ್ಲಿ ಫ್ರಾನ್ಸಿನ ಝಾನ್ ಮಾರ್ಶಾನನು ತನ್ನ ತಂದೆಯ ನೆನಪಿಗಾಗಿ ಇಟ್ಟುದು. ಇದಕ್ಕೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ನೀರನ್ನು ಮೇಲಕ್ಕೇರಿಸುವ ನಾಳಗಳಿಲ್ಲದುದರಿಂದ ಹಲಸಿನಂತೆ ಇದು ತಲೆಯೆತ್ತಿ ನಿಲ್ಲಲಾರದು.

ಆದರೆ ಭೂತಗನ್ನಡಿಯಿಂದ ನೋಡಿದರೆ ಅದರ ಬೆನ್ನಿನ ಮೇಲೆ, ಅಂಚು ಹಲ್ಲುಹಲ್ಲಾದ ಪುಟ್ಟ ಬಟ್ಟಲುಗಳು ಕಾಣುವುವು. ಒಳಗೆ ಎಳ್ಳಿಗಿಂತಲೂ ಚಿಕ್ಕ ಹಸುರು ಬಿಲ್ಲೆಗಳು. ಮಳೆಹನಿಯೊಂದು ಬಟ್ಟಲಿಗೆ ಬಿದ್ದೊಡನೆ ಅವು ಸಿಡಿದು ಆಚೆ ಬೀಳುವುವು. ಬಿಲ್ಲೆಗೆ ಮೊದಲು ಮೇಲು ಕೆಳಗೆಂಬ ಭೇದವಿಲ್ಲ. ಯಾವ ಮಗ್ಗುಲು ನೆಲಕ್ಕೆ ತಾಗಿತೋ ಆ ಮಗ್ಗುಲಿನಿಂದಲೇ ಬೇರಿನಂತಹ ಎಳೆಗಳು ಹೊರಡುವುವು. ಪ್ರತಿಯೊಂದು ಬಿಲ್ಲೆಯೂ ಮೂಲಸಸ್ಯದ ಒಂದೇ ಜೀವಕಣದಿಂದ ಬೆಳೆದುದು; ಬೇರೆ ಸಸ್ಯದ ಬೆರಕೆಯಿಲ್ಲ. ಆದುದರಿಂದ ಮರಿಯು ಮೂಲದ ತದ್ರೂಪ. (ಮಾರ್ಕಾಂಶಿಯದಲ್ಲಿಯೂ ಗಂಡುಹೆಣ್ಣುಗಳುಂಟು, ಎರಡೂ ಬೇರೆ ಬೇರೆ ಸಸ್ಯಗಳು. ಅವುಗಳ ಕೊಡೆಗಳ ಕಥೆಯನ್ನು ಮುಂದೊಮ್ಮೆ ಹೇಳುವೆನು.)

ಹಲಸಿಗೆ ಇಂತಹ ಬಟ್ಟಲಿಲ್ಲ. ಆ ಕೆಲಸವನ್ನು ನಾವು ಕಸಿಯಿಂದ ಮಾಡಬೇಕಾಗಿದೆ. ಎಳೆಯ ಸಸಿಯ ತಲೆಯನ್ನು ಕತ್ತರಿಸಿ, ಕಾಂಡವನ್ನು ನಡುವೆ ಸೀಳಿ, ಹಳೆಯ ಮರದ ಕುಡಿಯೊಂದನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂರಿಸಿ ಬಿಗಿಯಾಗಿ ಕಟ್ಟಬೇಕು. ಅದು ಹಿಡಿದರೆ, ಗಂಟಿನ ಕೆಳಗೆ ಸಸಿಯ ಬೇರು, ಮೇಲೆ ಹಳೆಯ ಮರವೇ. ಸಸಿ ಬೇಕೆನ್ನುವವರು ಬೀಜವನ್ನು ಒಣಗಿಸಿಡದೆ ಹಸಿಯಾಗಿರುವಾಗಲೇ ಬಿತ್ತಬೇಕು. ಒಣಗಿದ ಹಲಸಿನ ಬೀಜವು ಮೊಳೆಯದು. ಮರ ಉರುಳಿದ ಮೇಲೆ ಕುಡಿಯನ್ನು ಎಲ್ಲಿಂದ ತರುವುದು?

ನಾವು ಮರದಡಿಯಲ್ಲಿ ಹೋದ ವರುಷ ತಾನಾಗಿ ಹುಟ್ಟಿದ ಹತ್ತು ಸಸಿಗಳಿಗೆ ಕಟ್ಟಿದೆವು. ನಾಲ್ಕು ಚಿಗುರಿವೆ. ಬಾವಿಕಟ್ಟೆಯನ್ನು ಉಜ್ಜಲು ಆಳು ಬಂದಾಗ, ಕಾಲು ಜಾರುವ ಕಡೆಯನ್ನು ಮಾತ್ರ ಉಜ್ಜೆಂದು ಹೇಳಿದೆನು. ಮೂಲೆಯ ಬಟ್ಟಲುಗಳು ಹಾಗೆಯೇ ಇವೆ.