ಪ್ರವಾಸದ ದಿನ ಬುತ್ತಿ ಕಾಯುವವರು ಯಾರು?

ಪ್ರವಾಸದ ಹಿಂದಿನ ರಾತ್ರಿ ಮನೆಯವರೆಲ್ಲ ಬೇಗ ಮಲಗುತ್ತಾರೆ, ಅಮ್ಮಿಯೊಬ್ಬಳನ್ನು ಬಿಟ್ಟು. ಮಾಂಸಕ್ಕೆ ಮಸಾಲೆ ಹಚ್ಚಿಡಬೇಕು. ಮಕ್ಕಳ ಬಟ್ಟೆ, ಟವೆಲ್, ಅತ್ತೆಯ ಮಾತ್ರೆ, ಚಿಕ್ಕವನ ಹಾಲಿನ ಬಾಟಲಿ ಎಲ್ಲವನ್ನೂ ಜೋಡಿಸಬೇಕು. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಬೇಕು. ಆರು ಗಂಟೆಗೆ ವಾಹನ ಬಾಗಿಲಿಗೆ ಬಂದಾಗ ಬಿರಿಯಾನಿಯ ದೇಗ್ಚಿ ಮೊದಲು ಹತ್ತುತ್ತದೆ, ಆಕೆ ಕೊನೆಗೆ ಹತ್ತುತ್ತಾಳೆ. ಅಲ್ಲಿಗೆ ಹೋದ ಮೇಲೆಯೂ ಅಷ್ಟೇ. ಎಲ್ಲರೂ ಆಟಕ್ಕೆ ಓಡಿದರೆ ಆಕೆ ಮರದ ನೆರಳಿನಲ್ಲಿ ಚೀಲಗಳ ಮಧ್ಯೆ ಕೂತಿರುತ್ತಾಳೆ. ಸಂಜೆ ಮರಳುವಾಗ "ಹೇಗಿತ್ತು?" ಎಂದು ಕೇಳಿ ನೋಡಿ. "ಮಕ್ಕಳಿಗೆ ಖುಷಿಯಾಯಿತು" ಎನ್ನುತ್ತಾಳೆ. ತನಗೆ ಏನಾಯಿತು ಎಂದು ಆಕೆ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಸಹೋದರಿಯರೇ, ಈ ತಿಂಗಳು ರಜೆಯ ಪ್ರವಾಸದ ಬಗ್ಗೆ, ಅದರಲ್ಲೂ ಊಟ ಮತ್ತು ಆಟ ಇವೆರಡನ್ನು ಒಂದೇ ದಿನದಲ್ಲಿ ಹೇಗೆ ಹೊಂದಿಸುವುದು ಎಂಬ ಬಗ್ಗೆ ಒಂದಿಷ್ಟು ಮಾತನಾಡೋಣ. ವಿಷಯ ಚಿಕ್ಕದೆಂದು ಕಾಣಬಹುದು. ಆದರೆ ವರ್ಷಕ್ಕೊಮ್ಮೆ ಕೈಯಲ್ಲಿದ್ದ ಹಣ ಕೂಡಿಸಿ ಹೋಗುವ ಮನೆಗೆ ಆ ಒಂದು ದಿನ ಚಿಕ್ಕದಲ್ಲ.

ಭೇರ್ಯ, ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನಮಗೆ ಮೈಸೂರು ಹತ್ತಿರ. ಅಲ್ಲಿ ಮೃಗಾಲಯವಿದೆ, ಅರಮನೆಯಿದೆ, ಕೆ.ಆರ್.ಎಸ್. ರಸ್ತೆಯಲ್ಲಿ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ, ಅದೇ ರಸ್ತೆಯ ಕೊನೆಗೆ ಬೃಂದಾವನವಿದೆ. ಸ್ವಲ್ಪ ದೂರ ಹೋಗುವವರಿಗೆ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಇದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ, ನಮ್ಮ ಕಡೆಯಿಂದ ಬೆಳಿಗ್ಗೆ ಹೊರಟು ಅದನ್ನು ನೋಡಿ ರಾತ್ರಿಗೆ ಮನೆ ಸೇರುವುದು ಮೊದಲಿಗಿಂತ ಸುಲಭವಾಗಿದೆ.

ಇಂತಹ ಜಾಗಗಳಲ್ಲಿ ಊಟವೂ ಆಟವೂ ಒಂದೇ ಹೊತ್ತಿಗಾಗಿ ಜಗಳವಾಡುತ್ತವೆ. ಇದು ನಮ್ಮ ಮನೆಗಳ ತಾಪತ್ರಯ ಮಾತ್ರವಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿ ವರ್ಲ್ಡ್‌ನಲ್ಲಿ, ಕುಳಿತು ಉಣ್ಣುವ ರೆಸ್ಟೋರೆಂಟಿನ ಮೇಜನ್ನು 60 ದಿನ ಮುಂಚಿತವಾಗಿ ಕಾದಿರಿಸಬಹುದು. ಹೆಸರಾದ ಕಡೆಗಳಲ್ಲಿ ಅಷ್ಟು ಮುಂಚೆ ಕೈಹಾಕದವರಿಗೆ ಮೇಜು ಸಿಗುವುದೇ ಕಷ್ಟ. ಎರಡು ತಿಂಗಳ ನಂತರ ಇಂಥ ದಿನ ಇಂಥ ಗಂಟೆಗೆ ನಮಗೆ ಹಸಿವಾಗುತ್ತದೆ ಎಂದು ಮೊದಲೇ ಬರೆದುಕೊಡಬೇಕು! ಆ ದಿನ ಬಂದಾಗ ಮಕ್ಕಳು ಬಯಸಿದ ಆಟದ ಸಾಲಿನಲ್ಲಿ ಅರ್ಧ ದಾರಿ ಸಾಗಿರುತ್ತಾರೆ, ಅತ್ತ ಮೇಜಿನ ಹೊತ್ತಾಗಿರುತ್ತದೆ. ಸಾಲು ಬಿಟ್ಟರೆ ಮಕ್ಕಳ ಅಳು, ಬಿಡದಿದ್ದರೆ ತಪ್ಪಿದ ಬುಕ್ಕಿಂಗಿಗೆ ದಂಡ. ನಮ್ಮಲ್ಲಿ ಈ ಬುಕ್ಕಿಂಗಿನ ಕಾಟವಿಲ್ಲ, ಆದರೆ ದೇಗ್ಚಿಯ ಕಾಟವಿದೆ. ಎರಡೂ ಮಾಡುವ ಕೆಲಸ ಒಂದೇ: ದಿನವನ್ನು ಊಟದ ಸುತ್ತ ಕಟ್ಟಿಹಾಕುವುದು.

ಸ್ವಲ್ಪ ಲೆಕ್ಕ ಹಾಕೋಣ. ಪಾರ್ಕು ಬೆಳಿಗ್ಗೆ 11ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚಿದರೆ ನಮ್ಮ ಕೈಗೆ ಸಿಗುವುದು 7 ಗಂಟೆ, ಅಂದರೆ 420 ನಿಮಿಷ. ರಜಾದಿನದ ಜನಜಂಗುಳಿಯಲ್ಲಿ ಒಂದು ಆಟಕ್ಕೆ ಸಾಲು, ನಡಿಗೆ ಎಲ್ಲ ಸೇರಿ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಇಡೀ ದಿನ ನಿಲ್ಲದೆ ಓಡಿದರೂ 14 ಆಟ. ಈಗ ಎಂಟು ಜನರ ಕುಟುಂಬ ಒಂದು ಗಂಟೆಗೆ ಊಟಕ್ಕೆ ಹೊರಟಿತೆನ್ನಿ. ಎಲ್ಲರನ್ನೂ ಒಂದೆಡೆ ಸೇರಿಸಿ, ಜಾಗ ಹುಡುಕಿ, ಉಂಡು, ಕೈತೊಳೆದು, ಮಕ್ಕಳನ್ನು ಬಾತ್‌ರೂಮಿಗೆ ಕರೆದೊಯ್ದು ಮತ್ತೆ ಹೊರಡುವಾಗ ಒಂದೂವರೆ ಗಂಟೆ ಹೋಗಿರುತ್ತದೆ. ಅಂದರೆ ಮೂರು ಆಟ ಹೋಯಿತು. ದುಬಾರಿ ಟಿಕೆಟ್ ಕೊಟ್ಟು ಒಳಗೆ ಹೋದವರು ಇದನ್ನು ಮೊದಲೇ ಯೋಚಿಸಬೇಕು.

ಹಾಗಾದರೆ ಊಟ ಬಿಡುವುದೇ? ಖಂಡಿತ ಬೇಡ. ಯಾವುದು ನಮಗಾಗಿ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ಬೇರ್ಪಡಿಸಿದರೆ ಸಾಕು. ಬೃಂದಾವನವನ್ನೇ ನೋಡಿ. ಸರ್ ಮಿರ್ಜಾ ಇಸ್ಮಾಯಿಲ್‌ರವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1927ರಲ್ಲಿ ಕೆಲಸ ಶುರುವಾಗಿ 1932ರಲ್ಲಿ ಮುಗಿದ ತೋಟವದು. ಅಲ್ಲಿನ ಸಂಗೀತ ಕಾರಂಜಿ ಕತ್ತಲಾದ ಮೇಲೆ ಗೊತ್ತಾದ ಹೊತ್ತಿಗೆ ಮಾತ್ರ. ಅರಮನೆಯ ದೀಪಾಲಂಕಾರ ಮುಖ್ಯವಾಗಿ ಭಾನುವಾರ ಮತ್ತು ಸರಕಾರಿ ರಜಾದಿನಗಳ ಸಂಜೆಗೆ. ಮೃಗಾಲಯಕ್ಕೆ ಮಂಗಳವಾರ ರಜೆ. ಇವು ನಮ್ಮ ಹೊಟ್ಟೆಗಾಗಿ ಕಾಯುವುದಿಲ್ಲ. ಊಟವನ್ನು ಮಾತ್ರ ಒಂದು ಗಂಟೆ ಹಿಂದೆ ಮುಂದೆ ಮಾಡಬಹುದು. ಕಾರಂಜಿ ಚಿಮ್ಮುವ ಹೊತ್ತಿಗೆ ಚಾಪೆ ಹಾಸಿ ತಟ್ಟೆ ಹಂಚುವ ಕುಟುಂಬ ಅಷ್ಟು ದೂರ ಬಂದದ್ದಾದರೂ ಯಾಕೆ?

ಮನೆಯ ಹಿರಿಯರು ಒಂದು ಮಾತು ಹೇಳುತ್ತಾರೆ: "ಹೊರಗಿನ ಊಟಕ್ಕೆ ದುಡ್ಡು ಸುರಿಯುವುದೇ? ಮನೆಯದ್ದೇ ಒಯ್ದರಾಯಿತು." ಅದರಲ್ಲಿ ನಿಜವಿದೆ. ಪಾರ್ಕಿನೊಳಗಿನ ಊಟ ಹೊರಗಿನದಕ್ಕಿಂತ ದುಬಾರಿ, ದುಂದು ನಮಗೆ ಸಲ್ಲದ್ದು. ಆದರೆ ಇನ್ನೂ ಎರಡು ವಿಷಯ ನೆನಪಿಡಬೇಕು.

ಒಂದು, ವಂಡರ್‌ಲಾದಂತಹ ಪಾರ್ಕುಗಳಲ್ಲಿ ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ಬಾಗಿಲಲ್ಲಿ ಚೀಲ ನೋಡುತ್ತಾರೆ. ಆಗ ದೇಗ್ಚಿ ವಾಹನದಲ್ಲೇ ಉಳಿಯುತ್ತದೆ. ವಿಚಿತ್ರವೆಂದರೆ ಮೇಜಿಗೆ ಅಷ್ಟು ಕಟ್ಟುಪಾಡಿರುವ ಡಿಸ್ನಿ ವರ್ಲ್ಡ್‌ನಲ್ಲಿ ಸಂದರ್ಶಕರು ತಮ್ಮ ಬುತ್ತಿಯನ್ನು ಒಳಗೆ ಒಯ್ಯಬಹುದು! ಒಂದೊಂದು ಕಡೆ ಒಂದೊಂದು ನಿಯಮ. ಹೊರಡುವ ಮೊದಲು ಫೋನು ಮಾಡಿ ಕೇಳಿಕೊಳ್ಳುವುದು ಜಾಣತನ. ಮಗುವಿನ ಆಹಾರ ಮತ್ತು ಔಷಧಿಯ ಬಗ್ಗೆ, ಒಮ್ಮೆ ಹೊರಬಂದರೆ ಮತ್ತೆ ಒಳಗೆ ಬಿಡುತ್ತಾರೆಯೇ ಎಂಬ ಬಗ್ಗೆಯೂ ಕೇಳಿ.

ಎರಡನೆಯದು ಆರೋಗ್ಯದ ಪ್ರಶ್ನೆ. ಬೆಳಗಿನ ನಾಲ್ಕಕ್ಕೆ ಮಾಡಿದ ಬಿರಿಯಾನಿಯನ್ನು ಬಿಸಿಲಿನಲ್ಲಿ ನಿಂತ ವಾಹನದಿಂದ ಮಧ್ಯಾಹ್ನ ಎರಡಕ್ಕೆ ತೆಗೆದರೆ ಅದಕ್ಕೆ ಹತ್ತು ಗಂಟೆ ವಯಸ್ಸಾಗಿರುತ್ತದೆ. ಬೇಯಿಸಿದ ಅನ್ನ, ಮಾಂಸ ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಕಡು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಆಹಾರ ತಜ್ಞರು ಹೇಳುವ ಸಾಮಾನ್ಯ ನಿಯಮ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಕೆಟ್ಟಿಲ್ಲವೆಂದ ಮಾತ್ರಕ್ಕೆ ಆಹಾರ ಕೆಟ್ಟಿಲ್ಲವೆಂದಲ್ಲ. ಮರಳುವ ದಾರಿಯಲ್ಲಿ ಮಕ್ಕಳು ವಾಂತಿ ಮಾಡಿದರೆ ನಾವು ಆಟವನ್ನು ದೂರುತ್ತೇವೆ, ಹಲವು ಸಲ ತಪ್ಪು ಡಬ್ಬಿಯಲ್ಲಿರುತ್ತದೆ.

ಇದಕ್ಕೆ ನಡುದಾರಿಯೊಂದಿದೆ. ಬೇಗ ಕೆಡದ ಒಣ ತಿಂಡಿಯನ್ನು ಮನೆಯಿಂದ ಒಯ್ಯಿರಿ: ಚಪಾತಿ, ಖರ್ಜೂರ, ಕಡಲೆಬೀಜದ ಉಂಡೆ, ಬಿಸ್ಕತ್ತು, ಬಾಳೆಹಣ್ಣು. ಇವು ದಾರಿಗೆ ಮತ್ತು ಮರಳುವ ಹೊತ್ತಿಗೆ. ಪಾರ್ಕಿನೊಳಗೆ ಒಂದೇ ಊಟ ಕೊಳ್ಳಿರಿ. ಅದಕ್ಕೆಂದು ಹಣವನ್ನು ಬೇರೆ ಕವರಿನಲ್ಲಿ ಎತ್ತಿಡಿ. ಐಸ್‌ಕ್ರೀಮೂ ಅದರೊಳಗೇ ಆಗಬೇಕೆಂದು ಮಕ್ಕಳಿಗೆ ಮೊದಲೇ ಹೇಳಿದರೆ ಅಲ್ಲಿ ಹಠ ಕಡಿಮೆ. ಮಾಂಸದ ಊಟ ಬೇಕೆಂದರೆ ಹಲಾಲ್ ಹೌದೇ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಅನ್ನ-ಸಾರು, ಪುಲಾವ್ ಸಾಕು. ಒಂದು ಹೊತ್ತು ಮಾಂಸವಿಲ್ಲದಿದ್ದರೆ ಪ್ರವಾಸ ಸಪ್ಪೆಯಾಗುವುದಿಲ್ಲ.

ಇನ್ನು ಊಟದ ಹೊತ್ತು. ಒಂದರಿಂದ ಎರಡು ಗಂಟೆಯವರೆಗೆ ಎಲ್ಲರಿಗೂ ಒಟ್ಟಿಗೆ ಹಸಿವು. ಆಗ ಕೌಂಟರಿನ ಸಾಲು ಉದ್ದ, ಆಟದ ಸಾಲು ಗಿಡ್ಡ. ಆದ್ದರಿಂದ ಆ ಹೊತ್ತಿನಲ್ಲಿ ಆಡಿ, ಜನ ಉಂಡೆದ್ದ ಮೇಲೆ ಎರಡೂಕಾಲಕ್ಕೆ ಉಣ್ಣಿ. ಇದು ನಮ್ಮ ನಮಾಝ್‌ಗೂ ಹೊಂದುತ್ತದೆ. ಝುಹ್ರ್ ಹೊತ್ತು ಹನ್ನೆರಡೂವರೆಯ ಆಸುಪಾಸಿಗೆ ಶುರುವಾಗುತ್ತದೆ, ಅಸ್ರ್‌ವರೆಗೆ ಬಿಡುವಿದೆ. ಊಟಕ್ಕೆಂದು ಎಲ್ಲರೂ ಸೇರಿದಾಗಲೇ ವುಝೂ ಮಾಡಿ ನಮಾಝ್ ಮುಗಿಸಿದರೆ ಎರಡು ಸಲ ಎಲ್ಲರನ್ನೂ ಹುಡುಕಿ ಕೂಡಿಸುವ ಶ್ರಮ ಉಳಿಯುತ್ತದೆ. ನಮ್ಮ ಕಡೆಯಿಂದ ಬಿಡದಿಯವರೆಗೆ ಹೋಗುವವರು ಮುಸಾಫಿರ್ ಆಗುವಷ್ಟು ದೂರ ಹೋಗಿರುತ್ತಾರೆ, ಕಸ್ರ್‌ನ ಸೌಲಭ್ಯವಿದೆ. ಮೈಸೂರಿಗೆ ಹೋದವರಿಗೆ ಅದು ಅನ್ವಯಿಸುವುದಿಲ್ಲ.

ಈ ಹೊಂದಾಣಿಕೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ದಾದಿಗೆ ಊಟವೇ ಕದಲಿಸಬಾರದ ಸಂಗತಿ. ಅವರ ಹೊತ್ತು ತಪ್ಪಿದರೆ ಸಕ್ಕರೆ ಕುಸಿದು ಬೆವರು, ತಲೆಸುತ್ತು ಬರಬಹುದು. ಅವರಿಗೆ ಸಮಯಕ್ಕೆ ಸರಿಯಾಗಿ ತಟ್ಟೆ ತಂದುಕೊಡಲು ಒಬ್ಬರು ಹೋಗಲಿ, ಎಂಟೂ ಜನ ಆಟ ನಿಲ್ಲಿಸಬೇಕಾಗಿಲ್ಲ. ಚಿಕ್ಕ ಮಕ್ಕಳಿಗೂ ಹಸಿವು ತಡೆಯದು, ಅವರಿಗೆ ಹನ್ನೆರಡಕ್ಕೇ ಏನಾದರೂ ಕೊಡಿ.

ಹೊಟ್ಟೆ ತುಂಬ ಉಂಡು ಕೂಡಲೇ ಗಿರಗಿರ ತಿರುಗುವ ಆಟಕ್ಕೆ ಹತ್ತಬಾರದು. ಕಣ್ಣು ಹೇಳುವ ಚಲನೆ ಒಂದು, ಒಳಕಿವಿ ಹೇಳುವ ಚಲನೆ ಇನ್ನೊಂದು ಆದಾಗ ಮೆದುಳಿಗೆ ಗೊಂದಲವಾಗಿ ವಾಕರಿಕೆ ಬರುತ್ತದೆ. ಹೊಟ್ಟೆ ಭಾರವಾಗಿದ್ದರೆ ಅದು ಹೆಚ್ಚು. ಹಾಗಾಗಿ ದೊಡ್ಡ ಆಟಗಳು ಊಟಕ್ಕೆ ಮೊದಲು, ಮೆಲ್ಲಗೆ ಸಾಗುವ ಆಟಗಳು ಊಟದ ನಂತರ.

ಬಿಡದಿಗೆ ಹೋಗುವ ಒಂದು ದಿನವನ್ನು ಹೀಗೆ ಜೋಡಿಸಬಹುದು. ಫಜ್ರ್ ಮುಗಿಸಿ ಆರರೊಳಗೆ ಭೇರ್ಯ ಬಿಡಿ. ಮೈಸೂರು ದಾಟಿ ಬಿಡದಿ ಮುಟ್ಟಲು ಮೂರು ಗಂಟೆಯಾದರೂ ಬೇಕು. ಹೆದ್ದಾರಿ ಬಿಡದಿಯನ್ನು ಬದಿಗಿಟ್ಟು ಸಾಗುತ್ತದೆ, ಆದ್ದರಿಂದ ಮೊದಲೇ ಇಳಿದು ಊರೊಳಗಿನ ಹಳೆಯ ರಸ್ತೆಗೆ ಹೋಗಿ ಹೆಸರಾಂತ ತಟ್ಟೆ ಇಡ್ಲಿ ತಿನ್ನಿ. ದಿನದ ಒಳ್ಳೆಯ ಊಟ ಅಲ್ಲೇ, ಕಡಿಮೆ ಹಣಕ್ಕೆ ಆಗಿಹೋಗುತ್ತದೆ. 11ಕ್ಕೆ ಬಾಗಿಲು ತೆರೆದ ಕೂಡಲೇ ಜನ ಹೆಚ್ಚು ಮುಗಿಬೀಳುವ ಒಣ ಆಟಗಳಿಗೆ ಮೊದಲು ಹೋಗಿ. ಎರಡೂಕಾಲಕ್ಕೆ ಊಟ, ನಮಾಝ್. ಮೂರೂವರೆಯವರೆಗೆ ನಿಧಾನದ ಆಟಗಳು. ಆಮೇಲೆ ನೀರಿನಾಟ. ಅದು ಎಷ್ಟಕ್ಕೆ ಮುಗಿಯುತ್ತದೆಂದು ಒಳಗೆ ಬರುವಾಗಲೇ ಫಲಕ ನೋಡಿಕೊಳ್ಳಿ. ನೀರಿಗೆ ಹತ್ತಿ ಬಟ್ಟೆ ಬಿಡುವುದಿಲ್ಲ, ಮೈತುಂಬ ಮುಚ್ಚುವ ನೈಲಾನ್ ಉಡುಪನ್ನು ಮನೆಯಿಂದಲೇ ಒಯ್ಯಿರಿ. ಬಟ್ಟೆ ಬದಲಿಸಿ, ಅಸ್ರ್ ಮುಗಿಸಿ ಹೊರಟರೆ ಒಣ ತಿಂಡಿಯ ಚೀಲ ವಾಹನದಲ್ಲಿ ಕಾದಿರುತ್ತದೆ.

ಈ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗುವ ಭಯವಿದೆ. ಹಬ್ಶಿಗಳು ಮಸೀದಿಯಲ್ಲಿ ಈಟಿಯ ಆಟ ಆಡುತ್ತಿದ್ದಾಗ ಪ್ರವಾದಿವರ್ಯರು(ಸ) ಆಯಿಶಾ(ರ)ರಿಗೆ ಅದನ್ನು ತೋರಿಸುತ್ತಾ, ಆಕೆಗೇ ಸಾಕೆನಿಸುವವರೆಗೆ ನಿಂತಿದ್ದರು. ಪ್ರಯಾಣವೊಂದರಲ್ಲಿ ಆಕೆಯ ಜೊತೆ ಓಟದ ಪಂದ್ಯವನ್ನೂ ನಡೆಸಿದ್ದರು. ಹೆಣ್ಣಿಗೂ ನೋಡುವ, ನಲಿಯುವ ಆಸೆಯಿದೆ ಎಂದು ತಿಳಿದು, ಅದಕ್ಕೆ ತಮ್ಮ ಹೊತ್ತು ಕೊಟ್ಟವರು ಅವರು. ನಮ್ಮ ಪ್ರವಾಸಗಳಲ್ಲಿ ಅಮ್ಮಿಗಾಗಿ ಹಾಗೆ ನಿಲ್ಲುವವರು ಯಾರು?

ಚೀಲಗಳಿಗೆ ಲಾಕರ್ ಬಾಡಿಗೆಗೆ ಸಿಗುತ್ತದೆ. ಆ ಬಾಡಿಗೆ ಆಕೆಯ ಒಂದು ದಿನಕ್ಕಿಂತ ದೊಡ್ಡದಲ್ಲ. ಮಗುವನ್ನು ಒಂದು ಗಂಟೆ ಅಬ್ಬಾ ನೋಡಿಕೊಳ್ಳಲಿ, ಇನ್ನೊಂದು ಗಂಟೆ ಚಿಕ್ಕಪ್ಪ. ತಟ್ಟೆಗಳನ್ನು ದೊಡ್ಡ ಮಕ್ಕಳು ತರಲಿ. ಹೊರಡುವ ಹಿಂದಿನ ದಿನ ಮನೆಯವರೆಲ್ಲ ಕೂತು, ಪ್ರತಿಯೊಬ್ಬರೂ ತಪ್ಪಿಸಬಾರದ ಎರಡೆರಡು ಆಟ ಅಥವಾ ನೋಟ ಹೇಳಲಿ. ಯಾರಾದರೊಬ್ಬರು ಕಾಗದದಲ್ಲಿ ಬರೆದುಕೊಳ್ಳಲಿ. ಮೊದಲು ಅಮ್ಮಿಯನ್ನೇ ಕೇಳಿ. "ನನಗೇನೂ ಬೇಡ, ನೀವು ನೋಡಿ" ಎಂದು ಆಕೆ ಹೇಳಿಯೇ ಹೇಳುತ್ತಾಳೆ. ಅಲ್ಲಿಗೆ ಬಿಡದೆ ಇನ್ನೊಮ್ಮೆ ಕೇಳಿ.